ಗೇಟಿನಲ್ಲಿ ಆವಿಯಾದ ಸಾರಜನಕ

ಬೈಕಂಪಾಡಿಯ ಕಾರ್ಖಾನೆಯೊಂದರ ಗೇಟಿನಲ್ಲಿ ಹಾಡಹಗಲೇ, ಕಾವಲುಗಾರರ ಕಣ್ಣೆದುರೇ, ಒಂದಷ್ಟು ದ್ರವ ಸಾರಜನಕ ಕಾಣೆಯಾಯಿತು. ಆರೋಪಿ ನಾನು.

ಸುರತ್ಕಲ್‌ನ ನಮ್ಮ ಲ್ಯಾಬಿನಲ್ಲಿ ಒಂದು ಇನ್‌ಫ್ರಾರೆಡ್ ಕ್ಯಾಮೆರಾ ಕಟ್ಟಿದ್ದೆವು. ದೂಳಿನ ಮರೆಯಲ್ಲಿರುವ ದೂರದ ಗೆಲಾಕ್ಸಿಗಳನ್ನೂ, ಗೆಲಾಕ್ಸಿಗಳ ಉಜ್ವಲ ಕೇಂದ್ರಗಳಾದ ಕ್ವೇಸಾರ್‌ಗಳನ್ನೂ ಅವುಗಳ ಕಾವಿನಿಂದಲೇ ಗುರುತಿಸುವ ಕ್ಯಾಮೆರಾ ಅದು. ಮರುದಿನ ಅದು ಬೆಟ್ಟದ ಮೇಲಿನ ದೂರದರ್ಶಕಕ್ಕೆ ಹೊರಡಬೇಕಿತ್ತು. ಅಷ್ಟರೊಳಗೆ ಅದನ್ನು ಸಾರಜನಕದಿಂದ ತಣ್ಣಗಾಗಿಸಿ ಪರೀಕ್ಷಿಸಬೇಕಿತ್ತು.

ಸಾರಜನಕ ಮಾರುವ ಆ ಕಾರ್ಖಾನೆಯಲ್ಲಿ ಕ್ಯಾನ್ ತುಂಬಿಸಿ, ತೂಗಿಸಿ, ಬಿಲ್ಲು ಮಾಡಿಸಿಕೊಂಡು ಗೇಟಿಗೆ ಬಂದರೆ, ಕಾವಲಿನ ಶೇಖರಣ್ಣ ಪುನಃ ತೂಗಿದರು. ತೂಕ ಬಿಲ್ಲಿಗಿಂತ ಕಡಿಮೆ ಇತ್ತು.

"ಬಾಕಿ ಎಂತ ಮಾಡಿದ್ರಿ?"

"ಗಾಳಿಗೆ ಹೋಯ್ತು. ಈಗಲೂ ಹೋಗ್ತಾ ಉಂಟು."

"ತಾಳೆಯಾಗದೆ ಬಿಡ್ಲಿಕ್ಕೆ ಇಲ್ಲ ಮಾರಾಯ್ರೇ. ಸಾಹೇಬರ ಸಹಿ ಬೇಕು. ಅವರು ಊಟಕ್ಕೆ ಹೋಗಿದ್ದಾರೆ, ಕೂತ್ಕೊಳ್ಳಿ."

ಕೂತೆ. ಕ್ಯಾನಿನಿಂದ ಬಿಳಿ ಹಬೆ ಏಳುತ್ತಿತ್ತು, ತಕ್ಕಡಿಯ ಅಂಕಿ ಇಳಿಯುತ್ತಿತ್ತು. ಕ್ಯಾಮೆರಾದ ಕಥೆ ಹೇಳಿದೆ.

"ಬಿಸಿ ನೋಡ್ಲಿಕ್ಕೆ ಇಷ್ಟು ತಂಪು ಎಂತಕ್ಕೆ?"

"ಕ್ಯಾಮೆರಾವೇ ಬಿಸಿಯಾಗಿದ್ರೆ ಅದಕ್ಕೆ ತನ್ನ ಬಿಸಿ ಬಿಟ್ಟು ಬೇರೆ ಎಂತದೂ ಕಾಣುವುದಿಲ್ಲ."

"ನಮ್ಮ ಸಾಹೇಬರ ಹಾಗೆ," ಎಂದು ಶೇಖರಣ್ಣ ನಕ್ಕರು. ಗೇಟು ಮಾತ್ರ ತೆಗೆಯಲಿಲ್ಲ.

ವಿಶ್ವ ಬೆಳೆದ ಬಗೆಯನ್ನು ತಿಳಿಯಲು ನಾವು ನೋಡುವ ಬೆಳಕು ಹೊರಟಾಗ ಭೂಮಿಯೇ ಇರಲಿಲ್ಲ. ಇಲ್ಲಿಗೆ ತಲುಪುವಷ್ಟರಲ್ಲಿ ಅದೂ ಸಾಕಷ್ಟು ಶಕ್ತಿ ಕಳೆದುಕೊಂಡಿರುತ್ತದೆ. ಎಲ್ಲಿ ಹೋಯಿತೆಂದು ದಬಾಯಿಸದೆ, ಉಳಿದದ್ದನ್ನು ನಾವು ಮರ್ಯಾದೆಯಿಂದ ಬರಮಾಡಿಕೊಳ್ಳುತ್ತೇವೆ. ಶೇಖರಣ್ಣನಿಗೆ ಇದನ್ನು ಹೇಳುವ ಧೈರ್ಯ ಬರಲಿಲ್ಲ.

ಸಾಹೇಬರು ಸಂಜೆ ಬಂದು ಸಹಿ ಹಾಕಿದರು. ಅಷ್ಟರಲ್ಲಿ ಕಾರ್ಖಾನೆಯಲ್ಲಿ ಅಂದಿನ ಸಾರಜನಕ ತುಂಬಿಸುವ ಕೆಲಸ ನಿಂತಿತ್ತು. ಕ್ಯಾನಿನಲ್ಲಿ ಉಳಿದದ್ದು ಸಾಲಲಿಲ್ಲ. ಕ್ಯಾಮೆರಾ ಪರೀಕ್ಷೆಯಿಲ್ಲದೆ ಬೆಟ್ಟಕ್ಕೆ ಹೋಯಿತು.