ಮುಳುಗಿದ ಹಡಗಿನ ಕುರ್ಚಿ

ಗೋವಾ ಟ್ರಿಪ್ ಹೊರಟಿರುವ ಗೆಳೆಯರೇ, ಇವತ್ತು ಖಾನಾಪುರ ಬಸ್ ಸ್ಟ್ಯಾಂಡ್ ಪಕ್ಕದ ಟೂರ್ ಆಫೀಸಿನಲ್ಲಿ ನಡೆದದ್ದಿದು. ಮುಳುಗಿದ ಸರಕು ಹಡಗನ್ನು ನೀರಿಗಿಳಿದು ನೋಡಿ ಬನ್ನಿ ಎಂಬ ಅವರ ಫ್ಲೆಕ್ಸ್ ಕಂಡು, ಪಕ್ಕದ ಮನೆಯ ಗಂಗವ್ವ ನನ್ನನ್ನು ಅಲ್ಲಿಗೆ ಎಳೆದೊಯ್ದರು. ಆ ಹಡಗಿನಲ್ಲಿ ಅಡುಗೆ ಮಾಡುತ್ತಿದ್ದ ಅವರ ಮಗ ಅದರ ಜೊತೆಗೇ ಮುಳುಗಿದ. ಹೆಣ ಸಿಗಲಿಲ್ಲ.

ಏಜೆಂಟನಿಗೆ ಇದೇನೂ ಗೊತ್ತಿಲ್ಲ. ಹುರುಪಿನಿಂದ ವಿಡಿಯೋ ಹಚ್ಚಿದ. ಹಡಗಿನೊಳಗೆ ತುಕ್ಕು ಹಿಡಿದ ಕುರ್ಚಿಯ ಮೇಲೆ ಯಾರೋ ಕೂತು ಹೆಬ್ಬೆರಳು ಎತ್ತಿ ತೋರಿಸುತ್ತಿದ್ದ.

"ಒಳಗ ಕುಂದರಾಕ ಜಾಗಾ ಐತೇನೋ ತಮ್ಮಾ?" ಗಂಗವ್ವ ಕೇಳಿದರು.

"ಐತ್ರಿ ಆಯಿ. ಅದರ ಮ್ಯಾಲೆ ಫೋಟೋ ತಗಸ್ಕೊಳ್ಳಾಕ ಮಂದಿ ಪಾಳಿ ಹಚ್ತಾರ್ರಿ."

"ಆತು ಬಿಡು. ಹಂಗಾರ ಅಂವ ಕುಂತ ಇರ್ತಾನ," ಎಂದು ಎದ್ದು ಹೊರಗೆ ನಡೆದರು.

ಏಜೆಂಟ್ ನನ್ನ ಮುಖ ನೋಡಿದ. ವಿಷಯ ಹೇಳಿದೆ. ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುತ್ತಾರೆ. ಮಗ ಎಲ್ಲೋ ಅಡ್ಡಡ್ಡ ಬಿದ್ದಿದ್ದಾನೆ ಎಂಬುದೇ ಇಷ್ಟು ವರ್ಷ ಅವರ ಕೊರಗು.

ಏಜೆಂಟ್ ವಿಡಿಯೋ ಬಂದ್ ಮಾಡಿದ. ಫ್ಲೆಕ್ಸ್ ಮಾತ್ರ ಹಾಗೇ ಇದೆ.

ನೀವು ಅಲ್ಲಿಗೆ ಹೋದರೆ, ಕುರ್ಚಿಯಲ್ಲಿ ಕೂರುವ ಮುನ್ನ ಗಂಗವ್ವನ ಮಗನನ್ನು ಒಂದು ಮಾತು ಕೇಳಿ.