ಹಿಂದಿನ ಚಕ್ರದ ಔಟ್ ತೆಗೆಸಿದ ದಿನ

ನಾನು ಚಿಕ್ಕವನಿದ್ದಾಗ ಸಾಸ್ವೆಹಳ್ಳಿಯ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಮೋಟಾರ್ ಸೈಕಲ್. ಅದನ್ನು ಓಡಿಸುವವರು ಮಾತ್ರ ಇಬ್ಬರು: ಅಪ್ಪ, ಮತ್ತು ಅಪ್ಪನ ತಮ್ಮನಾದ ಚಿಕ್ಕಪ್ಪ. ಸಂಜೆ ಗಾಡಿ ಬಂದು ಅಂಗಳದಲ್ಲಿ ನಿಂತರೆ ಬಿಸಿ ಎಂಜಿನ್ನಿನ ವಾಸನೆ ಒಲೆಯ ಹೊಗೆಯ ಜೊತೆ ಸೇರಿ ಒಳಮನೆಯವರೆಗೂ ಬರುತ್ತಿತ್ತು. ನನಗೆ ಆ ವಾಸನೆ ಬಹಳ ಇಷ್ಟ.

ಒಂದು ಬೇಸಿಗೆಯಲ್ಲಿ ಸವಳಂಗದ ಅತ್ತೆಯ ಮನೆಗೆ ಹೋಗಿದ್ದ ಚಿಕ್ಕಪ್ಪ ಮೊಣಕೈ ತರಚಿಕೊಂಡು, ಗಾಡಿ ತಳ್ಳಿಕೊಂಡು ಮನೆಗೆ ಬಂದರು. ಊರ ಹತ್ತಿರದ ತಿರುವಿನಲ್ಲಿ ಹಿಂದಿನ ಚಕ್ರ ಹೊಯ್ದಾಡಿ ಬಿದ್ದೆ ಎಂದರು. ಅಪ್ಪ ಗಾಡಿಗೆ ಸ್ಟ್ಯಾಂಡ್ ಹಾಕಿ ಆ ಚಕ್ರವನ್ನು ಕೈಯಿಂದ ತಿರುಗಿಸಿದರು. ಅದು ಹಾವಿನ ಹಾಗೆ ಅತ್ತ ಇತ್ತ ಹೊರಳುತ್ತಿತ್ತು. ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ಕುಗ್ಗಿದಂತೆ ಕಾಣುತ್ತಿತ್ತು. ಅಪ್ಪ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿದರು. ಲಟಲಟ ಅನ್ನಲಿಲ್ಲ. ಅಂದರೆ ಬೇರಿಂಗ್ ಸರಿಯಾಗಿತ್ತು, ಬಾಗಿದ್ದು ರಿಮ್ಮು.

"ಬಿದ್ದು ರಿಮ್ ಬೆಂಡ್ ಮಾಡ್ಕಂಡು ಬಂದು, ಚಕ್ರದ ಮ್ಯಾಲೆ ತಪ್ಪು ಹಾಕ್ತೀಯಾ?" ಅಂದರು ಅಪ್ಪ.

"ರಿಮ್ ಮೊದ್ಲೇ ಬೆಂಡ್ ಆಗಿತ್ತು. ಅದಕ್ಕೇ ಬಿದ್ದೆ ಅಣ್ಣ."

"ಸುಳ್ಳ ನೀನು. ಇನ್ಮ್ಯಾಲೆ ಗಾಡಿ ಮುಟ್ಟಬ್ಯಾಡ."

ಗಾಡಿ ಮುಟ್ಟಬೇಡ ಅಂದದ್ದಕ್ಕಿಂತ ಸುಳ್ಳ ಅಂದದ್ದು ಚಿಕ್ಕಪ್ಪನಿಗೆ ಚುಚ್ಚಿತು. ಆ ರಾತ್ರಿ ಊಟಕ್ಕೆ ಏಳಲಿಲ್ಲ. ಬೆಳಗ್ಗೆ ಅಜ್ಜಿ ರೊಟ್ಟಿ ತಟ್ಟುತ್ತಿದ್ದಾಗ ಎದುರಿಗೆ ಬಂದು ನಿಂತು, "ಅವ್ವ, ನನ್ನ ಪಾಲು ನನಗೆ ಕೊಟ್ಬಿಡು. ನಾನು ಬೇರೆ ಇರ್ತೀನಿ" ಅಂದುಬಿಟ್ಟರು. ಅಜ್ಜಿಯ ಕೈ ಹಿಟ್ಟಿನ ಮೇಲೆಯೇ ನಿಂತಿತು. ಹೆಂಚಿನ ಮೇಲಿದ್ದ ರೊಟ್ಟಿ ಕರಕಲಾಯಿತು. ಅಜ್ಜಿ ಹಾಗೆ ರೊಟ್ಟಿ ಸುಟ್ಟಿದ್ದನ್ನು ನಾನು ನೋಡಿದ್ದು ಅವತ್ತೊಂದೇ ದಿನ.

"ಮೊದ್ಲು ಇಬ್ರೂ ಹೋಗಿ ಚಕ್ರ ಸರಿ ಮಾಡಿಸ್ಕಂಡು ಬರ್ರಿ. ಪಾಲಿನ ಮಾತು ಆಮ್ಯಾಲೆ," ಅಂದಳು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ನೀನೂ ಹೋಗಪ್ಪ. ನೀನು ಜೊತೆಗಿದ್ರೆ ಅವ್ರು ಬಾಯಿಗೆ ಬಂದಂಗೆ ಮಾತಾಡಲ್ಲ" ಅಂದಳು.

ಚಕ್ರ ಬಿಚ್ಚಿಕೊಂಡು ಹೊನ್ನಾಳಿ ಬಸ್ಸು ಹತ್ತಿದೆವು. ಅಪ್ಪ ಮುಂದಿನ ಸೀಟಿನಲ್ಲಿ, ಚಿಕ್ಕಪ್ಪ ಕೊನೆಯ ಸೀಟಿನಲ್ಲಿ. ನಡುವೆ ನಾನು, ನನ್ನ ಕಾಲ ಸಂದಿಯಲ್ಲಿ ಚಕ್ರ. "ಬಸ್ಸಿಗೆ ಚಕ್ರ ಅವೆಯಲ್ರೀ, ಇದ್ಯಾಕೆ ತಂದ್ರಿ?" ಅಂತ ಕಂಡಕ್ಟರ್ ತಮಾಷೆ ಮಾಡಿದರು. ಬಸ್ಸಿನವರೆಲ್ಲ ನಕ್ಕರು. ಅಪ್ಪ ಕಿಟಕಿಯಿಂದ ಹೊರಗೆ ನೋಡುತ್ತಲೇ ಇದ್ದರು. ಹಿಂದೆ ತಿರುಗಿದರೆ ಚಿಕ್ಕಪ್ಪನೂ ಹಾಗೆಯೇ. ಇಳಿಯುವಷ್ಟರಲ್ಲಿ ನನ್ನ ಅಂಗಿಗೆಲ್ಲ ಗ್ರೀಸು ಮೆತ್ತಿತ್ತು.

ಚಕ್ರದ ಕೆಲಸ ಮಾಡುವ ಮೇಸ್ತ್ರಿಯ ಅಂಗಡಿ ಬೇವಿನ ಮರದ ಕೆಳಗಿತ್ತು. ರಬ್ಬರು, ಸೀಮೆಎಣ್ಣೆಯ ಘಾಟು. ಮೇಸ್ತ್ರಿ ಟೈರು, ಟ್ಯೂಬು ಬಿಚ್ಚಿ ಬರಿಯ ರಿಮ್ಮನ್ನು ಕಬ್ಬಿಣದ ಕವೆಗೆ ಏರಿಸಿ ತಿರುಗಿಸಿದರು. ರಿಮ್ಮಿನ ಅಂಚಿಗೆ ಸೀಮೆಸುಣ್ಣ ಹಿಡಿದರು. ಎಲ್ಲಿ ರಿಮ್ಮು ಹೊರಗೆ ಚಾಚಿತ್ತೋ, ಅಂದರೆ ಔಟ್ ಆಗಿತ್ತೋ, ಅಲ್ಲಿ ಮಾತ್ರ ಬಿಳಿ ಗೀರು ಬಿತ್ತು. ಆಮೇಲೆ ಹೆಬ್ಬೆರಳಿನಿಂದ ಸುತ್ತಲೂ ಸವರಿ ಒಂದು ಕಡೆ ನಿಲ್ಲಿಸಿದರು.

"ಯಜಮಾನ್ರೆ, ಬರೀ ಔಟ್ ಅಲ್ಲ. ಇಲ್ಲಿ ನೆಗ್ಗಿ ಒಳಗೆ ಹೋಗೈತೆ. ಕಡ್ಡಿನೂ ಮುರಿದಾವೆ," ಎನ್ನುತ್ತಾ ಮುರಿದ ಸ್ಪೋಕ್ ಕಡ್ಡಿಗಳನ್ನು ಎಳೆದು ಅಪ್ಪನ ಅಂಗೈಗೆ ಹಾಕಿದರು. ಮತ್ತೆ ತಲೆ ತಗ್ಗಿಸಿ ಉಳಿದ ಕಡ್ಡಿಗಳನ್ನು ಸಡಿಲ ಮಾಡತೊಡಗಿದರು.

ಅಪ್ಪ ಕಡ್ಡಿಗೆ ಮೆತ್ತಿದ್ದ ಒಣ ಕೆಸರನ್ನು ಉಗುರಿನಿಂದ ಕೆರೆದರು. ಮುರಿದ ತುದಿಯನ್ನು ಕಣ್ಣಿನ ಹತ್ತಿರ ತಂದರು. ಬಿಸಿಲಿಗೆ ಹಿಡಿದು ಇನ್ನೊಮ್ಮೆ ನೋಡಿದರು. ಚಿಕ್ಕಪ್ಪ ಮರದ ಆಚೆ ಬೆನ್ನು ತಿರುಗಿಸಿ ನಿಂತಿದ್ದರು. ಅಪ್ಪ ಆ ಕಡ್ಡಿಗಳನ್ನು ಚರಂಡಿಗೆ ಎಸೆದಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ. ಅವರು ಮಾತ್ರ ಅವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಮರದ ಕಡೆ ತಿರುಗಿದರು.

"ತಮ್ಮ, ಬಾ ಇಲ್ಲಿ," ಎಂದು ಕರೆದರು.

ಚಿಕ್ಕಪ್ಪ ನಿಧಾನವಾಗಿ ಬಂದರು.

"ನೋಡಿಲ್ಲಿ. ನಿನ್ನೆ ಮುರಿದಿದ್ರೆ ತುದಿ ಬೆಳ್ಳಗೆ ಹೊಳೀತಿತ್ತು. ಇದಕ್ಕೆ ತುಕ್ಕು ಹಿಡಿದೈತೆ. ಸುಗ್ಗೀಲಿ ನಾನು ಭತ್ತದ ಚೀಲ ಹೇರ್ಕಂಡು ಚಾನಲ್ ಸೇತುವೆ ದಾಟುವಾಗ ಹಿಂದೆ ಧಡ್ ಅಂದಿತ್ತು. ಟೈರಾಗೆ ಗಾಳಿನೂ ಕಮ್ಮಿ ಇತ್ತು. ಇಳಿದು ನೋಡ್ಲಿಲ್ಲ." ಅಪ್ಪನ ದನಿ ಅಲ್ಲಿಗೆ ಸಣ್ಣದಾಯಿತು. "ನಿನ್ನ ಬೀಳ್ಸಿದ್ದು ನಾನೇ ಕಣೋ. ಸುಳ್ಳ ಅಂತಾನೂ ಅಂದೆ."

ಚಿಕ್ಕಪ್ಪ ಕಡ್ಡಿ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಕಣ್ಣು ತುಂಬಿ ಬಂದಿತ್ತು. ಅಷ್ಟರಲ್ಲಿ ಮೇಸ್ತ್ರಿ ನೆಗ್ಗಿದ ಜಾಗಕ್ಕೆ ಮರದ ತುಂಡು ಇಟ್ಟು, "ಯಾರಾದ್ರೂ ಹಿಡ್ಕಳಾಕೆ ಬರ್ರಿ" ಅಂದರು. ಚಿಕ್ಕಪ್ಪ ಒಂದು ಕಡೆ ಕೂತು ರಿಮ್ಮಿಗೆ ಕೈ ಹಾಕಿ, "ನೀನು ಆ ಕಡೆ ಹಿಡಿ ಅಣ್ಣ" ಅಂದರು. ಅಣ್ಣತಮ್ಮಂದಿರು ಎದುರುಬದುರು ಕೂತು ಹಿಡಿದರು. ಮೇಸ್ತ್ರಿ ಸುತ್ತಿಗೆಯಿಂದ ಒಳಗಿನಿಂದ ಹೊರಕ್ಕೆ ಬಡಿದು ನೆಗ್ಗು ಎಬ್ಬಿಸಿದರು. ಹೊಸ ಕಡ್ಡಿ ಹಾಕಿ, ಒಂದನ್ನು ಬಿಗಿದು, ಇನ್ನೊಂದನ್ನು ಚೂರು ಬಿಟ್ಟು, ಮತ್ತೆ ಮತ್ತೆ ತಿರುಗಿಸಿ ನೋಡಿದರು. ಕೊನೆಗೆ ಸೀಮೆಸುಣ್ಣ ಹಿಡಿದಾಗ ರಿಮ್ಮಿನ ಸುತ್ತಲೂ ಒಂದೇ ಸಮನೆ ತೆಳ್ಳಗೆ ಗೆರೆ ಮೂಡಿತು.

ಬಸ್ಸಿಗೆ ಕಾಯುತ್ತಾ ಮೂವರೂ ಒಂದೇ ಕಾಗದದಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿಂದೆವು. ಊರಿಗೆ ಬಂದು ಚಕ್ರ ಜೋಡಿಸಿದ ಮೇಲೆ ಅಪ್ಪ ಕೀಲಿಯನ್ನು ಚಿಕ್ಕಪ್ಪನ ಕೈಗೆ ಕೊಟ್ಟು ತಾವು ಹಿಂದೆ ಕೂತರು. ಇಬ್ಬರೂ ಹೊಳೆಯ ದಾರಿಯಲ್ಲಿ ಒಂದು ಸುತ್ತು ಹೋಗಿ ಬಂದರು. ಪಾಲಿನ ಮಾತನ್ನು ಚಿಕ್ಕಪ್ಪ ಎತ್ತಲಿಲ್ಲ, ಅಜ್ಜಿಯೂ ಕೇಳಲಿಲ್ಲ.

ಮೊಮ್ಮಕ್ಕಳೇ, ಈಗ ನಿಮ್ಮಪ್ಪನ ಗಾಡಿಯ ಚಕ್ರಕ್ಕೆ ಕಡ್ಡಿಗಳೇ ಇಲ್ಲ. ಹೋದ ಮಳೆಗಾಲದಲ್ಲಿ ಗುಂಡಿಗೆ ಬಿದ್ದು ಅದು ಬಾಗಿದಾಗ ಶೋರೂಮಿನವರು ಹೊಸದನ್ನೇ ಹಾಕಿ ಕಳಿಸಿದರು. ಹಳೆಯದು ಎಲ್ಲಿ ಹೋಯಿತೋ ನಾವ್ಯಾರೂ ನೋಡಲಿಲ್ಲ. ಮನೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಗಾಡಿ ಇದೆ, ನಿಮಗೂ ಒಂದೊಂದು ಸೈಕಲ್ ಇದೆ. ಅದು ಒಳ್ಳೆಯದೇ, ಯಾರೂ ಯಾರಿಗೂ ಕಾಯಬೇಕಿಲ್ಲ. ಒಂದೇ ಗಾಡಿ ಇದ್ದಾಗ ಯಾರು ಹೊರಟರೂ ಎಲ್ಲಿಗೆ, ಯಾವಾಗ ಬರ್ತೀಯ ಅಂತ ಮನೆಯವರೆಲ್ಲ ಕೇಳುತ್ತಿದ್ದರು. ಈಗ ಹಾಗೆ ಕೇಳುವವನು ನಾನೊಬ್ಬನೇ. ಕೇಳಿದಾಗ ಒಂದು ಗಳಿಗೆ ನಿಂತು ಹೇಳಿ ಹೋಗ್ರಪ್ಪ.