ಕೇತಮ್ಮನ ಮಾತು ನುಂಗಿದ ಎಸ್‌ಎಂಪಿಎಸ್

ಶಿವರತ್ನಮ್ಮನ ಎಡಗಿವಿ ಚಿಕ್ಕಂದಿನಲ್ಲೇ ಸೋರಿ ಮಂದವಾಗಿತ್ತು. ಕೊಳ್ಳೇಗಾಲದ ತಾಲ್ಲೂಕು ಕಚೇರಿ ಸುತ್ತಮುತ್ತ ಅದು ಎಲ್ಲರಿಗೂ ಗೊತ್ತು. ಬಲಗಿವಿ ಮಾತ್ರ ಎಷ್ಟು ಚುರುಕೆಂದರೆ, ವಕೀಲರು ನಡೆದಾಡುತ್ತ ಗೊಣಗಿದ್ದನ್ನೂ ತಪ್ಪಿಲ್ಲದೆ ಟೈಪ್ ಮಾಡಿ ಕೊಡುತ್ತಿದ್ದಳು. ಇಪ್ಪತ್ತು ವರ್ಷ ಟೈಪ್‌ರೈಟರ್ ಕುಟ್ಟಿ, ಎರಡು ಸಾವಿರದ ಎರಡನೇ ಇಸವಿಯಲ್ಲಿ ಕಂಪ್ಯೂಟರ್ ತಂದಳು. ಗೋಡೆಗೆ ಗೋಡೆ ತಾಗುವಂಥ ಕೋಣೆ ಅವಳದು. ಮಂಡಿಗೆ ಒತ್ತಿಕೊಂಡೇ ಅದರ ಪೆಟ್ಟಿಗೆ ಕೂತಿತ್ತು.

ಮರುವರ್ಷ ಮೈಸೂರಿನ ಒಂದು ಸಂಸ್ಥೆ ಅವಳಿಗೆ ಕೆಲಸ ಒಪ್ಪಿಸಿತು. ಬಿಳಿಗಿರಿರಂಗನ ಬೆಟ್ಟದ ಪೋಡುಗಳಲ್ಲಿ, ಅಂದರೆ ಕಾಡಿನ ಹಾಡಿಗಳಲ್ಲಿ, ಸೋಲಿಗರ ಹಿರಿಯರನ್ನು ಮಾತಾಡಿಸಿ ಕ್ಯಾಸೆಟ್ ತುಂಬಿಕೊಂಡು ಬಂದಿದ್ದರು. ಕೇಳಿ ಕೇಳಿ ಅಕ್ಷರಕ್ಕಿಳಿಸಬೇಕು. ಅದರಲ್ಲಿ ಕೇತಮ್ಮ ಎಂಬ ಮುದುಕಿಯ ಮಾತೇ ಆರು ಕ್ಯಾಸೆಟ್. ಒಲೆ ಮುಂದೆ ಕೂತು ಪಕ್ಕದವಳಿಗಷ್ಟೇ ಹೇಳುವಂಥ ದನಿ. ಯಾವ ಗೆಡ್ಡೆಯನ್ನು ಯಾವಾಗ ಅಗೆಯಬೇಕು, ಎಷ್ಟನ್ನು ಮಣ್ಣಲ್ಲೇ ಬಿಟ್ಟು ಬರಬೇಕು, ಎಲ್ಲ ಹೇಳುತ್ತಿದ್ದಳು. ಕೇಳುತ್ತ ಕೇಳುತ್ತ ಶಿವರತ್ನಮ್ಮನಿಗೆ ಅವಳು ಸ್ವಂತ ಸೋದರತ್ತೆಯಂತಾಗಿದ್ದಳು.

ಒಪ್ಪಿಸಿದ ಹಾಳೆಗಳು ಹದಿನೈದು ದಿನಕ್ಕೆ ವಾಪಸು ಬಂದವು, ತುಂಬ ಕೆಂಪು ಗೀಟು. "ನೂರು ಗೆಣಸು" ಎಂದು ಹೊಡೆದಲ್ಲೆಲ್ಲ "ನೂರೆ ಗೆಣಸು" ಎಂದು ತಿದ್ದಿದ್ದರು; ನೂರೆ ಎಂಬುದು ಕಾಡಿನ ಒಂದು ಗೆಡ್ಡೆಯ ಹೆಸರು. ಅಂಚಿನಲ್ಲಿ ಮೇಲ್ವಿಚಾರಕರ ಟಿಪ್ಪಣಿ: "ಬೆರಳಚ್ಚುಗಾರರು ಕಿವಿ ಪರೀಕ್ಷೆ ಮಾಡಿಸಿಕೊಳ್ಳುವುದು ಒಳಿತು."

ಅವಳ ಮೈ ಉರಿದುಹೋಯಿತು. ಇಪ್ಪತ್ತು ವರ್ಷದಲ್ಲಿ ಒಂದು ಸರ್ವೆ ನಂಬರನ್ನೂ ತಪ್ಪು ಹೊಡೆದವಳಲ್ಲ. ಕಂಪ್ಯೂಟರ್ ಆರಿಸಿ, ಟೇಪ್ ಹಿಂದಕ್ಕೆ ಓಡಿಸಿ, ಮತ್ತೆ ಹಾಕಿದಳು. ನೂರೆ. ಸ್ಪಷ್ಟವಾಗಿ ನೂರೆ! ಕಂಪ್ಯೂಟರ್ ಹಾಕಿದಳು. ಗುಂಯ್ ಎಂದು ಪೆಟ್ಟಿಗೆ ಮೊರೆಯಿತು. ಕೇತಮ್ಮನ ದನಿ ಅದರೊಳಗೆ ಕರಗಿತು. ಇಯರ್‌ಫೋನ್ ಸಿಕ್ಕಿಸಿಕೊಂಡರೂ ಆ ಮೊರೆತ ಸಂದಿಯಲ್ಲಿ ನುಗ್ಗಿತು. ತಪ್ಪು ಕಿವಿಯದಲ್ಲ.

ಕಂಪ್ಯೂಟರ್ ಮಾರಿದ್ದವನು ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯ ಮಹದೇವಪ್ರಸಾದ್. ಪೆಟ್ಟಿಗೆ ಒಯ್ದು ಹೇಳಿದರೆ ಅವನು ನಕ್ಕ. "ಓಡ್ತಾ ಅದೆ ಅಂದ್ರೆ ಸವುಂಡ್ ಬತ್ತದೆ ಮೇಡಂ. ಊರಲ್ಲಿ ಯಾರೂ ಕಂಪ್ಲೇಂಟ್ ಏಳಿಲ್ಲ. ನಿಮ್ಗೆ ಮೊದ್ಲಿಂದ್ಲೂ ಕಿವಿ ತೊಂದ್ರೆ ಅಲ್ವಾ?"

ಅವನಿಗೂ ಅದೇ ಮಾತು! ಅವಳು ಪೆಟ್ಟಿಗೆಯನ್ನು ಆಟೋದಲ್ಲಿಟ್ಟುಕೊಂಡು ರೇಡಿಯೋ ರಿಪೇರಿಯ ಕೆಂಪನಂಜಪ್ಪನ ಬಳಿಗೆ ಹೋದಳು. ಅವನು ಕಂಪ್ಯೂಟರ್ ಕಲಿತವನಲ್ಲ, ಆದರೆ ಕರೆಂಟು ಬಲ್ಲವನು. ಹಿಂಬದಿಯಲ್ಲಿದ್ದ ತಗಡಿನ ಡಬ್ಬಿಯನ್ನು, ಮೇನ್ ಕರೆಂಟನ್ನು ಒಳಗಿನ ಭಾಗಗಳಿಗೆ ತಕ್ಕಂತೆ ಇಳಿಸಿಕೊಡುವ ಎಸ್‌ಎಂಪಿಎಸ್ಸನ್ನು ಬಿಚ್ಚಿ, ಅಂಗೈಯಲ್ಲಿ ತೂಗಿದ.

"ನಾನೂರು ವ್ಯಾಟು ಅಂತ ಚೀಟಿ ಅಂಟ್ಸವ್ನೆ, ಸುಲ್ದ ತೆಂಗಿನಕಾಯಷ್ಟೂ ತೂಕಿಲ್ವಲ್ಲವ್ವ!" ಮುಚ್ಚಳ ತೆಗೆದು ತೋರಿಸಿದ. "ನೋಡು, ಇಲ್ಲಿ ಸಾಮಾನು ಕೂರಿಸ್ಬೇಕು ಅಂತ ಜಾಗ ಬಿಟ್ಟವ್ರೆ, ಕೂರ್ಸೇ ಇಲ್ಲ. ಎಳ್ದ ಕರೆಂಟಲ್ಲಿ ಅರ್ಧ ಬಿಸಿಯಾಗಿ ಸುಟ್ಟೋಯ್ತದೆ. ಆ ಬಿಸಿ ಆಚೆಗೆ ತಳ್ಳಕ್ಕೆ ಈ ಪುಟ್ಟ ಫ್ಯಾನು ಪ್ರಾಣ ಬಿಟ್ಕಂಡು ತಿರುಗ್ತದೆ. ಬಿಸಿ ಕಮ್ಮಿ ಆಗೋ ಮಾಲು ಅಂದ್ರೆ ಫ್ಯಾನು ನಿಧಾನ್ವಾಗಿ ತಿರುಗಿದ್ರೂ ಸಾಕು."

"ಅಂದ್ರೆ ನನ್ ಕಿವಿ ಸರ್ಯಾಗೇ ಅದೆ ಅಲ್ವಣ್ಣ?"

"ನಿನ್ ಕಿವಿಗೇನಾಗಿಲ್ಲ ಕಣವ್ವ! ಕೆಟ್ಟಿರೋದು ಇದು."

ಮಾರನೆಯ ಬೆಳಿಗ್ಗೆ ಅವಳು ಮಹದೇವಪ್ರಸಾದನ ಮೇಜಿನ ಮೇಲೆ ಆ ಡಬ್ಬಿಯನ್ನೂ, ಪಕ್ಕದಲ್ಲಿ ತನ್ನ ಟೇಪ್ ರೆಕಾರ್ಡರನ್ನೂ ಇಟ್ಟಳು. ಅಂಗಡಿಯಲ್ಲಿ ನಾಲ್ಕೈದು ಗಿರಾಕಿಗಳಿದ್ದರು.

"ಬೇರೆ ತೋರ್ಸಿ."

"ಇದು ನಾನೂರೈವತ್ತು ವ್ಯಾಟು ಮೇಡಂ, ಇದು ಐನೂರು..."

"ಚೀಟಿ ಓದ್ಬೇಡಿ. ಓಡ್ಸಿ. ನಾನು ಕೇಳಿಸ್ಕತೀನಿ."

ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಕಂಪ್ಯೂಟರಿಗೆ ಅವನು ಒಲ್ಲದ ಮನಸ್ಸಿನಿಂದ ಒಂದೊಂದನ್ನೇ ಸಿಕ್ಕಿಸಿದ. ಅವಳು ಪ್ರತಿಸಲವೂ ಕ್ಯಾಸೆಟ್‌ನ ಅದೇ ಜಾಗ ಹಾಕಿದಳು. ಮೊದಲನೆಯದರಲ್ಲಿ ಕೇತಮ್ಮ ಮಾಯ. ಎರಡನೆಯದು ಮೊದಲನೆಯದಕ್ಕಿಂತ ಜೋರು. ಕಪಾಟಿನ ಮೇಲೆ ಅಗಲವಾದ ಫ್ಯಾನಿದ್ದ, ದಪ್ಪ ಡಬ್ಬಿಯೊಂದು ಕಂಡಿತು. ಕೇಳಿದರೆ, "ಅದು ಡಾಕ್ಟ್ರು ಏಳಿ ತರ್ಸವ್ರೆ, ಕೊಡಕ್ಕಾಗಲ್ಲ" ಎಂದ.

"ಕೊಡ್ಬೇಡಿ, ಓಡ್ಸಿ."

ಓಡಿಸಿದ. ಅಂಗಡಿಯ ತುಂಬ ಮುದುಕಿಯ ಮೆಲುದನಿ ಹರಡಿತು: "ನೂರೆ ಗೆಣಸ ಪೂರಾ ಕೀಳಬಾರದು ಮಗ, ಬುಡದ ತುಂಡ ಮಣ್ಗೆ ಬುಟ್ಬುಡಬೇಕು..." ಗಿರಾಕಿಗಳೂ ನಿಂತು ಕೇಳಿದರು.

ಶಿವರತ್ನಮ್ಮ ಅಲ್ಲಿಯವರೆಗೂ ಅದುಮಿಕೊಂಡಿದ್ದ ಸಿಟ್ಟು ಹೊರಬಿತ್ತು. "ಡಾಕ್ಟ್ರಿಗೆ ಈ ಮಾಲು, ನಮ್ಗೆ ಆ ತಗಡಾ? ಇಂಥದ್ದು ಅದೆ ಅಂತ ಗೊತ್ತಿದ್ದೂ ನನ್ ಕಿವಿ ಮೇಲೆ ಆಕಿದ್ರಲ್ಲ! ನೀವು ಏಳಿದ್ರೆ ತಾನೇ ನಾನು ಕೇಳೋದು? ಕೇಳಕ್ಕೇ ಬುಡ್ದೆ ಮಾರಿದ್ರಿ!"

ಮಹದೇವಪ್ರಸಾದನ ಮುಖ ಕೆಂಪಾಯಿತು. ಗಿರಾಕಿಗಳ ಮುಂದೆ ವಾದಿಸಲಾಗದೆ, ತರಿಸಿಕೊಡುತ್ತೇನೆಂದ. ಹಳೆಯದನ್ನು ವಾಪಸು ತೆಗೆದುಕೊಳ್ಳಲು ಮಾತ್ರ ಒಪ್ಪಲಿಲ್ಲ. ಹತ್ತೊಂಬತ್ತು ದಿನ ಅವಳು ಬೆಳಿಗ್ಗೆ ಬೆಳಿಗ್ಗೆ ಹೋಗಿ ಅಂಗಡಿಯ ಮುಂದೆ ನಿಂತಳು. ಇಪ್ಪತ್ತನೆಯ ದಿನ ಬಂತು.

ಹೊಸದನ್ನು ಕೆಂಪನಂಜಪ್ಪನೇ ಕೂರಿಸಿದ. ಪೆಟ್ಟಿಗೆ ಉಸಿರಾಡುವಷ್ಟೇ ಸದ್ದು ಮಾಡಿತು. ಕರೆಂಟು ಹೋದಾಗ ಏಳು ನಿಮಿಷಕ್ಕೆ ಕಿರುಚಿ ಆರುತ್ತಿದ್ದ ಯುಪಿಎಸ್ ಬ್ಯಾಟರಿ, ಕರೆಂಟು ಬಿಸಿಯಾಗಿ ಪೋಲಾಗದೆ, ಈಗ ಹತ್ತು ನಿಮಿಷ ದಾಟಿ ನಿಂತಿತು.

ಅವಳು ಆರೂ ಕ್ಯಾಸೆಟ್ಟನ್ನು ಮೊದಲಿಂದ ಕೇಳಿ ಮತ್ತೆ ಹೊಡೆದಳು. ತನ್ನ ತಪ್ಪುಗಳನ್ನೆಲ್ಲ ತಿದ್ದಿದಳು. ಹಾಗೆ ತಿದ್ದುವಾಗ ಕೆಂಪು ಗೀಟುಗಳಲ್ಲೇ ಒಂಬತ್ತು ತಪ್ಪು ಸಿಕ್ಕವು. ಮುದುಕಿ ಆಡಿದ್ದ ಮಾತನ್ನು ಮೇಲ್ವಿಚಾರಕರು ಪುಸ್ತಕದ ಕನ್ನಡಕ್ಕೆ ತಿರುಗಿಸಿಬಿಟ್ಟಿದ್ದರು. ಪ್ರತಿಯೊಂದರ ಎದುರೂ ಆ ಮಾತು ಬರುವ ಟೇಪಿನ ಅಂಕಿ ಬರೆದು, ಕೆಳಗೆ ಒಂದು ಸಾಲು ಸೇರಿಸಿದಳು: "ತಿದ್ದುವ ಮುನ್ನ ತಾವೂ ಒಮ್ಮೆ ಕೇಳಿಸಿಕೊಳ್ಳುವುದು ಒಳಿತು."

ಕ್ಷಮೆಯ ಮಾತು ಬರಲಿಲ್ಲ. ಮೂರು ವಾರ ಬಿಟ್ಟು ಸಂಸ್ಥೆಯಿಂದ ಮತ್ತೆ ಎಂಟು ಕ್ಯಾಸೆಟ್ ಬಂದವು, ಟಿಪ್ಪಣಿಯಿಲ್ಲದೆ. ಅವಳ ಸಿಟ್ಟೇನೂ ಇಳಿಯಲಿಲ್ಲ. ಆದರೂ ಮೊದಲ ಕ್ಯಾಸೆಟ್ಟನ್ನು ಟೇಪ್ ರೆಕಾರ್ಡರಿಗೆ ಹಾಕಿ, ಬಲಗಿವಿ ಕೊಟ್ಟು ಕೂತಳು.